ಅಂಗಾತ ಮಲಗಿಸಿದವರು

ಮಾವ ಸತ್ತ ಬೆಳಗ್ಗೆ ಮಾಸ್ತರು ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು, ಕೊರಳಿಗೆ ಸೀಟಿ ನೇತುಹಾಕಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದ ಠೀವಿ ನೋಡಿದ್ದರೆ, ಆ ಮನೆಯಲ್ಲಿ ಸಾವಾಗಿದೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಯಾರೋ ಮಂತ್ರಿ ಬರುವವರಿದ್ದಾರೆ ಎಂದು ಅನ್ನಿಸುತ್ತಿತ್ತು. ಕೆಂಪು ಬಿಳಿ ಪಟ್ಟೆಯ ಟೇಪನ್ನು ಮೆಟ್ಟಿಲ ಕಂಬಿಯಿಂದ ಗೋಡೆಯ ಮೊಳೆಗೆ ಎಳೆದು ಕಟ್ಟಿದ್ದರು. ಆ ಟೇಪಿನ ಈಚೆಗೆ ಅವರ ಹೆಂಡತಿ ಪುಟ್ಟಿ ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡು ನಿಂತಿದ್ದಳು. ಐವತ್ತು ದಾಟಿದ ಹೆಂಗಸು. ಅವಳನ್ನು ಪುಟ್ಟಿ ಎಂದು ಕರೆಯುತ್ತಿದ್ದವರು ಲೋಕದಲ್ಲಿ ಒಬ್ಬರೇ. ಅವರು ಮೇಲಿನ ಕೋಣೆಯಲ್ಲಿ ತಣ್ಣಗಾಗಿ ಮಲಗಿದ್ದರು.

"ನನ್ನಪ್ಪ ಕಣ್ರೀ ಅವರು" ಎಂದಳು ಪುಟ್ಟಿ.

"ಈಗ ಅದು ಘಟನಾ ಸ್ಥಳ. ಯಾರೂ ಹೋಗೋ ಹಾಗಿಲ್ಲ. ನಾನೇ ಒಂದು ಮೆಟ್ಟಿಲು ಹತ್ತಿಲ್ಲ, ನೋಡು" ಎಂದರು ಮಾಸ್ತರು, ಹಾಗೆ ಹತ್ತದೆ ಇದ್ದದ್ದಕ್ಕೆ ಯಾರಾದರೂ ಪದಕ ಕೊಡಬೇಕು ಎನ್ನುವ ಧಾಟಿಯಲ್ಲಿ.

ಮಾಸ್ತರು ಎಂದರೆ ಶಾಲೆಯ ಮಾಸ್ತರಲ್ಲ. ಆಂಬುಲೆನ್ಸಿನವರಿಗೆ, ಬೆಂಕಿ ಆರಿಸುವವರಿಗೆ, ಹೊಸದಾಗಿ ಸೇರಿದ ಪೊಲೀಸರಿಗೆ ಅವಘಡದ ಜಾಗದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಕಲಿಸುವ ಕೇಂದ್ರದಲ್ಲಿ ತರಬೇತಿ ಕೊಡುವವರು. ಮೊದಲು ಕಂಟ್ರೋಲ್ ರೂಮಿಗೆ ತಿಳಿಸು, ಬೇಕಾದಷ್ಟನ್ನೇ ಮುಟ್ಟು, ಮುಟ್ಟಿದ್ದನ್ನು ಮುಚ್ಚಿಡದೆ ಹೇಳು. ಈ ಮೂರು ಮಾತನ್ನು ಅವರು ಎಷ್ಟು ವರ್ಷದಿಂದ ಹೇಳುತ್ತಿದ್ದರೆಂದರೆ, ಅವರ ಕೈಕೆಳಗೆ ಕಲಿತವರ ಮಕ್ಕಳೂ ಈಗ ಬಂದು ಕಲಿತು ಹೋಗುತ್ತಿದ್ದರು. ಇಷ್ಟೆಲ್ಲ ಇದ್ದರೂ ಮಾಸ್ತರು ಒಂದು ದಿನವಾದರೂ ಆಂಬುಲೆನ್ಸ್ ಹತ್ತಿದವರಲ್ಲ. ಅವರು ಬದುಕಿಸಿದ್ದೆಲ್ಲ ರಬ್ಬರು ಬೊಂಬೆಯನ್ನು. ಬೊಂಬೆಗೆ ಎದೆ ಒತ್ತಿದರೆ ಹಸಿರು ದೀಪ ಹತ್ತುತ್ತದೆ. ಮಾಸ್ತರ ಮುಖದಲ್ಲೂ ಹತ್ತುತ್ತದೆ. ಪುಟ್ಟಿಯ ಅಪ್ಪ, ಬಸ್ಸು ಓಡಿಸಿ ನಿವೃತ್ತನಾದ ಮುದುಕ, ಅಳಿಯನಿಗೆ ಬೊಂಬೆ ಡಾಕ್ಟರು ಎಂದೇ ಹೆಸರಿಟ್ಟಿದ್ದ. ಊಟದ ಹೊತ್ತಿಗೆ ಮೇಲಿನಿಂದ ಕೂಗಿ ಕೇಳುತ್ತಿದ್ದ, ಬೊಂಬೆ ಡಾಕ್ಟರ ಊಟ ಆಯ್ತೇನೇ ಪುಟ್ಟಿ, ಎಷ್ಟು ಬೊಂಬೆ ಉಳೀತಂತೆ ಇವತ್ತು ಎಂದು. ಮಾಸ್ತರು ಲೋಟ, ಚಮಚ ನೆಟ್ಟಗೆ ಜೋಡಿಸಿಕೊಂಡು ಉಣ್ಣುತ್ತಿದ್ದರು.

ಮುದುಕನನ್ನು ಆ ಬೆಳಗ್ಗೆ ಕಂಡವಳು ಆಯಾ. ಒಂದು ಏಜೆನ್ಸಿಯಿಂದ ಬರುತ್ತಿದ್ದ, ಮಾತು ಕಮ್ಮಿಯ ಹೆಂಗಸು. ಬೆಳಗ್ಗೆ ಬಂದು ಮುದುಕನಿಗೆ ಸ್ನಾನ, ಔಷಧಿ, ಊಟ ಎಲ್ಲ ನೋಡಿ, ಮುಸ್ಸಂಜೆಗೆ ಊಟ ಕೊಟ್ಟು ಬಾಗಿಲೆಳೆದುಕೊಂಡು ಹೋಗುತ್ತಿದ್ದಳು. ಆಮೇಲೆ ಮೇಲಕ್ಕೆ ಯಾರೂ ಹೋಗಕೂಡದೆಂಬುದು ಮುದುಕನ ಹಟ. ಸಾಯುವ ಹಿಂದಿನ ಸಂಜೆಯೂ ಹಾಗೇ ಆಗಿತ್ತು. ಕೆಳಗೆ ಮಾಸ್ತರು ಟಿವಿಯಲ್ಲಿ ಭೂಕಂಪದ ರಕ್ಷಣಾ ಕಾರ್ಯ ನೋಡುತ್ತಿದ್ದರು. ಯಾವ ದೇಶದವರೋ ಪಾಪ, ಅವರು ಸ್ಟ್ರೆಚರು ಹಿಡಿದದ್ದು ತಪ್ಪು ಎಂದು ಪುಟ್ಟಿಗೆ ವಿವರಿಸುತ್ತ ಸದ್ದು ಜೋರು ಮಾಡಿದ್ದರು. ಅಷ್ಟು ಗದ್ದಲದಲ್ಲಿ ಮೇಲೆ ಒಬ್ಬ ಮುದುಕ ಬಿದ್ದರೆ ಯಾರಿಗೆ ಕೇಳಿಸಬೇಕು.

ಮರುಬೆಳಗ್ಗೆ ಪುಟ್ಟಿ ಬಚ್ಚಲಲ್ಲಿದ್ದಳು. ಹೊರಗೆ ಬರುವಾಗ ಮಾಸ್ತರು ಅಡುಗೆಮನೆಯ ಮೇಜಿನ ಮುಂದೆ ಕೂತು ಟೀ ಕುಡಿಯುತ್ತಿದ್ದರು. ಆಗ ಆಯಾ ಬಂದು ಮೆಟ್ಟಿಲು ಹತ್ತಿದಳು. ಬಹಳ ಹೊತ್ತು ಮೇಲೆ ನೀರಿನ, ಪಾತ್ರೆಯ ಸದ್ದು. ಆಮೇಲೆ ಅವಳು ಕೆಳಗಿಳಿದು ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡು, ಅಕ್ಕಾ, ಅಜ್ಜ ಏಳ್ತಿಲ್ಲ ಎಂದಳು. ಪುಟ್ಟಿ ಓಡುವ ಮೊದಲೇ ಮಾಸ್ತರು ಎದ್ದು ಜಾಕೆಟ್ಟು ಹಾಕಿಕೊಂಡಾಗಿತ್ತು. ಅದು ಅಷ್ಟು ಬೇಗ ಕೈಗೆ ಸಿಕ್ಕಿದ್ದು ಹೇಗೆ ಎಂದು ಆ ಗಳಿಗೆಯಲ್ಲಿ ಯಾರು ಯೋಚಿಸುತ್ತಾರೆ.

ಆಂಬುಲೆನ್ಸಿನವರು ಇಬ್ಬರು ಬಂದರು, ಒಬ್ಬ ಹುಡುಗ, ಒಬ್ಬಳು ಹುಡುಗಿ, ಮೇಲೆ ಹೋಗಿ ಬೇಗನೆ ಇಳಿದರು. ಮೈ ಮರಗಟ್ಟಿದೆ, ಹೋಗಿ ಬಹಳ ಹೊತ್ತಾಗಿದೆ, ನಾವು ಮುಟ್ಟಿದ್ದು ಕತ್ತು ಮತ್ತು ಎಡಗೈ, ಅಷ್ಟೇ ಎಂದು ಒಪ್ಪಿಸಿದರು. ಮಾಸ್ತರು ಅವರ ಬೆನ್ನು ತಟ್ಟಿದರು, ಹೇಳಿಕೊಟ್ಟದ್ದು ಮರೆತಿಲ್ಲ ಎಂದು. ಮುಖ ನೋಡಿದರೆ ಏನೋ ಸರಿಯಿಲ್ಲ, ಪೊಲೀಸರಿಗೆ ಹೇಳಬೇಕಾಗುತ್ತೆ ಸಾರ್ ಎಂದು ಆ ಹುಡುಗಿ ಹೇಳಿದಾಗ ಮಾತ್ರ ಮಾಸ್ತರ ಕೈ ಅವಳ ಬೆನ್ನ ಮೇಲೆ ಹಾಗೇ ನಿಂತುಬಿಟ್ಟಿತು.

ಬಂದ ತನಿಖಾಧಿಕಾರಿಗೆ ತಲೆ ತುಂಬ ಕೂದಲು, ಬಾಯಿ ತುಂಬ ಲವಂಗ. ಕೋಣೆ ಮಾತಾಡುತ್ತದೆ, ಕೇಳೋ ಕಿವಿ ಬೇಕು ಅಷ್ಟೇ ಎಂದು ಅವನು ಮೇಲೆ ಹೋಗುವ ಮುಂಚೆಯೇ ಹೇಳಿದ. ಇಳಿದು ಬಂದಮೇಲೆ ಕೋಣೆ ಆಡಿದ್ದಕ್ಕಿಂತ ಹೆಚ್ಚು ಅವನೇ ಆಡಿದ.

ಅವನ ಲೆಕ್ಕಾಚಾರ ಹೀಗಿತ್ತು. ಸತ್ತವರ ಮೈಯಲ್ಲಿ ರಕ್ತ ಹರಿಯುವುದು ನಿಂತಮೇಲೆ ಕೆಳಗಿರುವ ಭಾಗಕ್ಕೆ ಇಳಿದು ಅಲ್ಲೇ ಕಂದುಗಟ್ಟುತ್ತದೆ. ಮುದುಕ ನೆಲದ ಮೇಲೆ ಅಂಗಾತ ಮಲಗಿದ್ದಾನೆ, ಆದರೆ ಬೆನ್ನು ಬಿಳಿಚಿದೆ. ಕಂದಿರುವುದು ಮುಖ, ಎದೆ. ಅಂದರೆ ರಾತ್ರಿಯಿಡೀ ಬೋರಲು ಬಿದ್ದಿದ್ದವನನ್ನು ಯಾರೋ ಬೆಳಗಿನ ಹೊತ್ತಿಗೆ ತಿರುಗಿಸಿ ಮಲಗಿಸಿದ್ದಾರೆ. ಒಂದು ತೋಳು ಮರದ ಹಾಗೆ ಸೆಟೆದಿದೆ, ಇನ್ನೊಂದು ಸಡಿಲ, ಬಲವಂತವಾಗಿ ಎಳೆದಿದ್ದಾರೆ. ಹೆಣವನ್ನು ಬಟ್ಟೆ ಮುಚ್ಚಿ ಸಾಗಿಸಿದಮೇಲೆ, ಪಕ್ಕೆಲುಬು ಮುರಿದಿದೆ ಎಂದು ಶವಾಗಾರದ ಡಾಕ್ಟರು ಫೋನಿನಲ್ಲಿ ಹೇಳಿದರು. ಯಾವಾಗ ಮುರಿದದ್ದು, ಹೇಗೆ ಸತ್ತದ್ದು ಎಂಬ ಪೂರ್ತಿ ವರದಿ ಆಮೇಲೆ. ಅಧಿಕಾರಿಗೆ ಅಷ್ಟು ಸಾಕಾಗಿತ್ತು. ಸಂಜೆ ಹೋಗುವ ಮುಂಚೆ ಮುದುಕನ ಮುಖ ದಿಂಬಿಗೆ ಒತ್ತಿ ಬೆನ್ನ ಮೇಲೆ ಮಂಡಿಯೂರಿದ್ದಾರೆ. ಬೆಳಗ್ಗೆ ಬಂದು ತಿರುಗಿಸಿ, ಕುರ್ಚಿಗಿರ್ಚಿ ಎತ್ತಿಟ್ಟು, ಕಿಟಕಿ ಚಿಲಕ ಹಾಕಿ ನೆಟ್ಟಗೆ ಮಾಡಿದ್ದಾರೆ. ಸಂಜೆ ಎಲ್ಲರಿಗಿಂತ ಕೊನೆಗೆ ಹೋದವಳು, ಬೆಳಗ್ಗೆ ಮೊದಲು ಬಂದವಳು, ಬಹಳ ಹೊತ್ತು ಮೇಲೆ ಒಬ್ಬಳೇ ಇದ್ದವಳು ಯಾರು.

ಅಷ್ಟು ಹೊತ್ತು ಏನ್ಮಾಡ್ತಿದ್ದೆ ಎಂದು ಆಯಾಳನ್ನು ಕೇಳಿದರು. ಅಜ್ಜನಿಗೆ ಬೆನ್ನು ನೋವು, ಗಟ್ಟಿ ನೆಲದ ಮೇಲೆ ಅಂಗಾತ ಮಲಗಬೇಕು ಅಂತ ಫಿಸಿಯೋದವರು ಹೇಳಿದ್ರು, ಹಾಗೆ ಮಲಗಿದ್ದಾರೆ ಅಂದ್ಕೊಂಡೆ ಎಂದಳು. ಕಿಟಕಿ ಮುಚ್ಚಿ ಮಬ್ಬಾಗಿತ್ತು, ಮುಖ ಸರಿಯಾಗಿ ಕಾಣಲಿಲ್ಲ. ಅಷ್ಟು ನೆಟ್ಟಗೆ ಮಲಗಿದ್ದರು, ಎಬ್ಬಿಸೋದು ಬೇಡ ಅಂತ ಅಲ್ಲೇ ಒಲೆಯಲ್ಲಿ ಹಾಲು ಕಾಸಿದೆ, ಪಾತ್ರೆ ತೊಳೆದೆ. ಅಧಿಕಾರಿ ಲವಂಗವನ್ನು ಆ ದವಡೆಯಿಂದ ಈ ದವಡೆಗೆ ಹಾಕಿಕೊಂಡು ನಕ್ಕ. ಹೆಣದ ಪಕ್ಕ ಪಾತ್ರೆ ತೊಳೆದಳಂತೆ, ಬರ್ಕೊಳ್ಳಯ್ಯ ಎಂದು ಪೇದೆಗೆ ಹೇಳಿದ.

ಅವಳ ಚೀಲದಲ್ಲಿ ಮುದುಕನ ಕೈ ರೇಡಿಯೊ ಇತ್ತು. ಗುಂಡಿ ಸಡಿಲಾಗಿದೆ, ಸರಿ ಮಾಡಿಸ್ಕೊಂಡು ಬಾ ಅಂತ ಅಜ್ಜನೇ ಕೊಟ್ಟರು ಎಂದಳು. ಅದನ್ನು ಪೊಲೀಸರಿಗೆ ತೋರಿಸಿದವಳು ಪುಟ್ಟಿ. ಅವರು ಬರುವ ಮೊದಲೇ ಅವಳು ಆ ಚೀಲದೊಳಗೆ ಕೈ ಹಾಕಿ ನೋಡಿಯಾಗಿತ್ತು. ಯಾಕೆ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಕೆಟ್ಟದ್ದು ನಡೆದರೆ ಕೈ ತಾನಾಗಿ ಕೆಲಸದವರ ಚೀಲದ ಕಡೆಗೆ ಹೋಗುತ್ತದೆ. ಆ ಕೈಗೆ ಯಾರೂ ತರಬೇತಿ ಕೊಡಬೇಕಾಗಿಲ್ಲ.

ಆಯಾಳನ್ನು ಜೀಪಿಗೆ ಹತ್ತಿಸಿದರು. ಬೀದಿಯ ಎದುರು ಮನೆಯವರು ಬಾಲ್ಕನಿಗೆ ಕುರ್ಚಿ ತಂದು ಹಾಕಿಕೊಂಡು ನೋಡಿದರು. ಮಾಸ್ತರು ಗೇಟು ಹಿಡಿದುಕೊಂಡು ನಿಂತಿದ್ದರು, ಜೀಪು ತಿರುಗಿಸಲು ಜಾಗ ಮಾಡಿಕೊಡುತ್ತ, ಇನ್ನೊಂಚೂರು ಹಿಂದೆ, ಹಿಂದೆ, ಸಾಕು ಎಂದು ಕೈಸನ್ನೆ ಮಾಡುತ್ತ.

ಮರುದಿನ ಅಧಿಕಾರಿ ಪುಟ್ಟಿಯನ್ನು ಠಾಣೆಗೆ ಕರೆಸಿದ. ಕೋಣೆಯಲ್ಲಿ ಏನಾದರೂ ಕಾಣೆಯಾಗಿದೆಯೇ ಎಂದು ನೋಡಬೇಕು ಎಂದು ಮೇಜಿನ ಮೇಲೆ ಫೋಟೋಗಳನ್ನು ಹರಡಿದ. ಪುಟ್ಟಿ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು, ದಿನವಿಡೀ ಬೇರೆಯವರ ಮೂಗಿನ ಮೇಲೆ ಕನ್ನಡಕ ಕೂರಿಸಿ ಈಗ ಸ್ಪಷ್ಟ ಕಾಣುತ್ತಾ ಎಂದು ಕೇಳುವವಳು. ತನ್ನ ಕನ್ನಡಕ ಒರೆಸಿ ಹಾಕಿಕೊಂಡು ಅಪ್ಪನನ್ನು ನೋಡಿದಳು. ಟೇಪಿನ ದೆಸೆಯಿಂದ, ಅಪ್ಪ ಸತ್ತಮೇಲೆ ಅವಳಿಗೆ ಆ ಕೋಣೆ ಕಂಡದ್ದು ಇದೇ ಮೊದಲು.

ಕಾಣೆಯಾದದ್ದು ಏನೂ ಇರಲಿಲ್ಲ. ಕಂಡದ್ದೇ ಸರಿಯಿರಲಿಲ್ಲ. ಕುರ್ಚಿ ಮೇಜಿನೊಳಕ್ಕೆ ಸೇರಿತ್ತು. ಜನ್ಮದಲ್ಲಿ ಅಪ್ಪ ಕುರ್ಚಿಯನ್ನು ಒಳಕ್ಕೆ ತಳ್ಳಿದವನಲ್ಲ; ಬಸ್ಸಿನ ಸೀಟಿನಿಂದ ಎದ್ದ ಹಾಗೆ ಎದ್ದು ಹೋಗುತ್ತಿದ್ದ. ಅವನ ಟವೆಲ್ಲು ನಾಲ್ಕು ಮಡಿಕೆಯಾಗಿ ಕುರ್ಚಿಯ ಬೆನ್ನ ಮೇಲಿತ್ತು. ಚಪ್ಪಲಿ ತಲೆಯ ಪಕ್ಕದಲ್ಲಿ ಜೋಡಿಯಾಗಿ, ಮೂತಿ ಬಾಗಿಲ ಕಡೆಗೆ. ಅಪ್ಪನ ತಲೆಯೂ ಬಾಗಿಲ ಕಡೆಗೆ, ತೋಳೆರಡೂ ಪಕ್ಕಕ್ಕೆ ಅಂಟಿ, ಕಾಲು ಕೂಡಿ, ಪೆಟ್ಟಿಗೆಯಲ್ಲಿಟ್ಟ ಹಾಗೆ.

ಹೀಗೆ ಮಲಗಿದವರನ್ನು ಪುಟ್ಟಿ ಮೊದಲೊಮ್ಮೆ ನೋಡಿದ್ದಳು. ತರಬೇತಿ ಕೇಂದ್ರದ ವಾರ್ಷಿಕ ಪ್ರದರ್ಶನಕ್ಕೆ ಮಾಸ್ತರು ಅವಳನ್ನು ಕರೆದುಕೊಂಡು ಹೋಗಿ ಗಾಯಾಳುವಿನ ಪಾತ್ರ ಕೊಟ್ಟಿದ್ದರು. ತನ್ನ ಸರದಿ ಬರುವವರೆಗೆ ಅವಳು ಗೋಡೆಗೊರಗಿ ಬೊಂಬೆಯ ಪಾಡು ನೋಡುತ್ತಿದ್ದಳು. ಒಂದು ತಂಡ ಬಂದು ಕುರ್ಚಿ ಒದ್ದು, ಕಿಟಕಿ ತೆರೆದು, ಬೊಂಬೆಯನ್ನು ಹೊರಳಿಸಿ ಒತ್ತಿ ಹೋಗುತ್ತದೆ. ಒಡನೆ ಮಾಸ್ತರು ಕಿಟಕಿ ಮುಚ್ಚಿ, ಕುರ್ಚಿ ಒಳಕ್ಕೆ ತಳ್ಳಿ, ಬಟ್ಟೆ ಮಡಿಸಿ, ಬೊಂಬೆಯನ್ನು ಅಂಗಾತ ಮಲಗಿಸಿ ಕೈಕಾಲು ಕೂಡಿಸಿ, ತಲೆಯ ಪಕ್ಕ ಚಪ್ಪಲಿ ಜೋಡಿಸಿಡುತ್ತಾರೆ. ಮುಂದಿನ ತಂಡ ಬರುವಾಗ ಏನೂ ಆಗಿಯೇ ಇಲ್ಲ ಎನ್ನುವ ಹಾಗಿರಬೇಕು. ಮನೆಯಲ್ಲೂ ಅವರದು ಅದೇ ಚಾಳಿ. ಜಗಳವಾದರೆ ದಿಂಬು, ಹೊದಿಕೆ ಸರಿಪಡಿಸಿಟ್ಟು ಎದ್ದು ಹೋಗುತ್ತಾರೆ, ಅಲ್ಲಿಗೆ ಜಗಳ ಆಗಿಲ್ಲ ಎಂದು ಲೆಕ್ಕ.

ಪುಟ್ಟಿಗೆ ಆ ಬೆಳಗಿನ ಟೀ ನೆನಪಾಯಿತು. ಗಂಡನ ಮೊಣಕೈವರೆಗೂ ಸೋಪಿನ ವಾಸನೆ, ಕಿವಿ ಮೆಟ್ಟಿಲ ಕಡೆಗೆ, ಲೋಟ ಬರಿದಾದರೂ ತುಟಿಗೆ ಹಚ್ಚಿಕೊಂಡೇ ಕೂತಿದ್ದದ್ದು.

ಮನೆಗೆ ಬಂದು ಸುಮ್ಮನೆ ಕೇಳಿದಳು.

"ನಿನ್ನೆ ಬೆಳಗ್ಗೆ ಮೇಲೆ ಹೋಗಿದ್ರಾ?"

"ನಾನ್ಯಾಕೆ ಹೋಗ್ಲಿ?"

"ತರಬೇತಿ ಚೀಲ ತರೋಕೆ. ಜಾಕೆಟ್ಟು, ಸೀಟಿ ಎಲ್ಲ ಅದರಲ್ಲೇ ಅಲ್ವಾ, ಅಪ್ಪನ ಕೋಣೆಯ ಅಟ್ಟದ ಮೇಲಿರುತ್ತಲ್ಲ. ಈಗ ನೋಡಿದ್ರೆ ಹಾಲ್‌ನಲ್ಲಿದೆ."

"ಮೊದಲಿಂದಾನೂ ಹಾಲ್‌ನಲ್ಲೇ ಇತ್ತು. ದುಃಖದಲ್ಲಿದ್ದೀಯ, ತಲೆ ಓಡ್ತಿಲ್ಲ ನಿಂಗೆ. ಸ್ವಲ್ಪ ಮಲಗು" ಎಂದರು ಮಾಸ್ತರು. ಅವಳು ಎದ್ದ ಕೂಡಲೇ ಅವಳು ಕೂತಿದ್ದ ಸೋಫಾದ ದಿಂಬನ್ನು ತಟ್ಟಿ ನೆಟ್ಟಗಿಟ್ಟರು.

ಅವಳು ಆಗ ಗಂಡನ ಮುಖ ನೋಡಿದ ಬಗೆಯನ್ನು ಯಾವ ಗಂಡನೂ ಕಾಣದಿರಲಿ. ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಅಗ್ಗದ ಫ್ರೇಮು ಎರಡು ದಿನಕ್ಕೇ ಮುರಿದು ವಾಪಸು ಬಂದಾಗ ತಿರುಗಿಸಿ ತಿರುಗಿಸಿ ನೋಡುತ್ತಾಳಲ್ಲ, ಹಾಗೆ ನೋಡಿದಳು. ಇಂಥದ್ದನ್ನೇ ಅಲ್ಲವೆ ನಾನು ಇಷ್ಟು ವರ್ಷ ಮೂಗಿನ ಮೇಲೆ ಹೊತ್ತುಕೊಂಡದ್ದು.

ಅಧಿಕಾರಿಗೆ ಫೋನು ಮಾಡಿ ಹೇಳಿದಳು. ಆತ ಬಹಳ ಮರ್ಯಾದೆಯಿಂದ ನಕ್ಕ. ನಿಮ್ಮ ಯಜಮಾನರಾ? ನಮ್ಮ ಹುಡುಗರಿಗೆ ಪಾಠ ಹೇಳಿದ ಗುರುಗಳಮ್ಮ ಅವರು, ತಂದೆ ಹೋದ ದುಃಖಕ್ಕೆ ಹೀಗೆಲ್ಲ ಅನ್ನಿಸುತ್ತೆ ಎಂದ. ಅತ್ತ ಆಯಾಳ ಏಜೆನ್ಸಿಯವರು ಆಗಲೇ ಅವಳ ಹೆಸರು ತೆಗೆದುಹಾಕಿದ್ದರು. ಅವಳ ತಮ್ಮ ಠಾಣೆಯ ಮುಂದೆ ಊಟದ ಡಬ್ಬಿ ಹಿಡಿದು ನಿಂತದ್ದನ್ನು ಪುಟ್ಟಿ ಫೋಟೋ ನೋಡಲು ಹೋಗುವಾಗ ಕಂಡಿದ್ದಳು, ಬರುವಾಗಲೂ ಕಂಡಿದ್ದಳು. ನಾಳೆ ಅವಳನ್ನು ಕೋರ್ಟಿಗೆ ಹಾಜರುಪಡಿಸಿ ಜೈಲಿಗೆ ಕಳಿಸುತ್ತಾರೆ ಎಂದು ಅವನೇ ಹೇಳಿದ್ದ, ಪುಟ್ಟಿಯ ಮುಖ ನೋಡದೆ.

ಸತ್ಯ ಹೇಳಿದರೆ ಕೇಳದ ಇಬ್ಬರು ಗಂಡಸರು ಹೊಗಳಿಕೆಯನ್ನು ಕೇಳದೆ ಇರುವುದಿಲ್ಲ ಎಂಬುದು ಪುಟ್ಟಿಗೆ ಹೊಳೆದದ್ದು ಆಗಲೇ. ಮತ್ತೆ ಅಧಿಕಾರಿಗೆ ಫೋನು ಮಾಡಿ, ನಾನು ಆಡಿದ್ದು ತಪ್ಪಾಯಿತು ಎಂದಳು. ಅಪ್ಪ ಬಿದ್ದ ಜಾಗಕ್ಕೆ ನುರಿತವರು ಬಂದಿದ್ದರೆ ಏನು ಮಾಡುತ್ತಿದ್ದರು ಎಂದು ನಮ್ಮ ಯಜಮಾನರೇ ತೋರಿಸಿಕೊಟ್ಟರೆ, ಆಯಾ ಮಾಡಿದ್ದು ಎಷ್ಟು ಅಡ್ಡಾದಿಡ್ಡಿ ಎಂದು ನಿಮಗೇ ಗೊತ್ತಾಗುತ್ತೆ, ಅಲ್ವಾ? ಕೋರ್ಟಿನಲ್ಲಿ ನಿಮಗೂ ಬಲ ಬರುತ್ತೆ. ಅಧಿಕಾರಿಗೆ ಅದು ತನ್ನದೇ ಯೋಚನೆ ಎಂದು ಅನ್ನಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಾಸ್ತರು ಮೊದಲು ಹಿಂದೇಟು ಹಾಕಿದರು. ಪುಟ್ಟಿ ಅವರ ಜಾಕೆಟ್ಟಿಗೆ ಇಸ್ತ್ರಿ ಹಾಕುತ್ತ, ಬಿಡಿ, ನಿಮಗೆ ವಯಸ್ಸಾಯ್ತು, ಕೇಂದ್ರದಿಂದ ಆ ಹೊಸ ತರಬೇತುದಾರನನ್ನ ಕರೆಸ್ತಾರಂತೆ ಎಂದಳು. ಮರುದಿನ ಬೆಳಗಾಗುವ ಮುಂಚೆಯೇ ಬೊಂಬೆ ಮನೆಗೆ ಬಂದಿತ್ತು.

ಪುಟ್ಟಿ ಮೊದಲ ಸಲ ಟೇಪು ದಾಟಿ ಅಪ್ಪನ ಕೋಣೆಗೆ ಹೋದಳು. ಮೂಲೆಯಲ್ಲಿ ನಿಂತಳು. ಅಧಿಕಾರಿಯೇ ಬೊಂಬೆಯನ್ನು ಮಂಚದ ಪಕ್ಕ ಬೋರಲು ಹಾಕಿ, ಅದರ ಒಂದು ಕೈಯನ್ನು ಎದೆಯ ಕೆಳಗೆ ಸೇರಿಸಿ, ಕುರ್ಚಿ ಉರುಳಿಸಿ, ಟವೆಲ್ಲನ್ನು ನೆಲಕ್ಕೆ ಎಸೆದು, ಅವನ ಪ್ರಕಾರ ಸಂಜೆ ಹೇಗಿತ್ತೋ ಹಾಗೆ ಮಾಡಿಟ್ಟ. ಬಾಗಿಲಲ್ಲಿ ಇಬ್ಬರು ಪೇದೆಗಳು. ಕೋಣೆಯ ಫೋಟೋಗಳು ಅಧಿಕಾರಿಯ ಕಂಕುಳಲ್ಲಿದ್ದವು. ಮಾಸ್ತರಿಗೆ ಅವನ್ನು ತೋರಿಸಿರಲಿಲ್ಲ. ತೋರಿಸುವ ಅಗತ್ಯವೂ ಇರಲಿಲ್ಲ, ಗುರುಗಳು ಮೆಟ್ಟಿಲನ್ನೇ ತುಳಿದಿಲ್ಲ ಎಂದು ಹೇಳಿಕೆ ಕೊಟ್ಟಾಗಿತ್ತಲ್ಲ.

ಮಾಸ್ತರು ಶುರುಮಾಡಿದರು. ಮೊದಲು ನಮ್ಮ ಜೀವಕ್ಕೆ ಅಪಾಯ ಇದೆಯಾ ನೋಡ್ಕೋಬೇಕು, ಗ್ಯಾಸು ಇರಬಹುದು ಎಂದು ಕಿಟಕಿ ತೆರೆದರು. ಜಾಗ ಮಾಡ್ಕೋಬೇಕು ಎಂದು ಕುರ್ಚಿಯನ್ನು ಕಾಲಿನಿಂದ ಸರಿಸಿದರು. ಮಂಡಿಯೂರಿ ಬೊಂಬೆಯನ್ನು ಹೊರಳಿಸಿ, ಕೆನ್ನೆಯ ಹತ್ತಿರ ಕಿವಿಯಿಟ್ಟು, ಕತ್ತು ಮುಟ್ಟಿ, ಎರಡೂ ಅಂಗೈ ಸೇರಿಸಿ ಎದೆ ಒತ್ತಿದರು. ಹಸಿರು ದೀಪ ಹತ್ತಿತು. ಹತ್ತರಲ್ಲಿ ಒಂಬತ್ತು ಜನ ತಪ್ಪು ಮಾಡೋದು ಇಲ್ಲೇ ಎಂದು ಪೇದೆಗಳ ಕಡೆ ನೋಡಿ ಹೇಳಿದರು. ಪೇದೆಗಳು ತಲೆಯಾಡಿಸಿದರು. ಬಹಳ ದಿನದ ಮೇಲೆ ಮಾಸ್ತರ ಮುಖ ಅರಳಿತ್ತು.

ಸರಿ ಗುರುಗಳೇ, ಸಾಕು ಎಂದು ಅಧಿಕಾರಿ ಏನೋ ಬರೆದುಕೊಳ್ಳಲು ತಲೆ ತಗ್ಗಿಸಿದ.

ಮಾಸ್ತರ ಬಾಯಿ ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ. ಬಾಯಿ ಆಮ್ಲಜನಕದ ಬಗ್ಗೆ ಮಾತಾಡುತ್ತಿತ್ತು. ಕೈ ಬೊಂಬೆಯ ಭುಜ ಹಿಡಿದು ತಲೆಯನ್ನು ಬಾಗಿಲ ಕಡೆಗೆ ಎಳೆಯಿತು, ಎದೆಯ ಮೇಲಿದ್ದ ತೋಳನ್ನು ಒತ್ತಿ ಪಕ್ಕಕ್ಕೆ ಅಂಟಿಸಿತು, ಕಾಲು ಕೂಡಿಸಿತು. ಮಿದುಳಿಗೆ ರಕ್ತ ಹೋಗದಿದ್ದರೆ ಏನಾಗುತ್ತದೆ ಎಂದು ಹೇಳುತ್ತಲೇ ಎದ್ದು ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿದರು. ಟವೆಲ್ಲನ್ನು ಒದರಿ ನಾಲ್ಕು ಮಡಿಕೆ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದರು. ಮಂಚದಡಿಯಿಂದ ಮಾವನ ಚಪ್ಪಲಿ ಎಳೆದು ಬೊಂಬೆಯ ತಲೆಯ ಪಕ್ಕ ಜೋಡಿಸಿದರು, ಮೂತಿ ಬಾಗಿಲ ಕಡೆಗೆ. ಕಿಟಕಿ ಮುಚ್ಚಿ ಚಿಲಕ ಹಾಕಿದರು. ಅಂಗೈ ಉಜ್ಜಿಕೊಂಡು, ಎಂದಿನ ದನಿಯಲ್ಲಿ ಬಾಗಿಲ ಕಡೆ ತಿರುಗಿ ಹೇಳಿದರು:

"ಹೂಂ, ಮುಂದಿನ ತಂಡ ಬನ್ನಿ."

ಯಾರೂ ಬರಲಿಲ್ಲ. ಅಧಿಕಾರಿ ಕಂಕುಳಿಂದ ಫೋಟೋ ತೆಗೆದು ಬೊಂಬೆಯನ್ನು ನೋಡಿದ, ಫೋಟೋ ನೋಡಿದ, ಮತ್ತೆ ಬೊಂಬೆಯನ್ನು ನೋಡಿದ. ಲವಂಗ ಅಗಿಯುವುದು ನಿಂತಿತ್ತು. ಪೇದೆಗಳಲ್ಲಿ ಒಬ್ಬ ಕೆಮ್ಮಿದ, ನಗುವನ್ನು ಕೆಮ್ಮಾಗಿ ಮಾಡಿಕೊಂಡದ್ದು ಪುಟ್ಟಿಗೆ ತಿಳಿಯಿತು.

"ಗುರುಗಳೇ, ಟವೆಲ್ಲು ನಾಲ್ಕು ಮಡಿಕೆ ಇತ್ತು ಅಂತ ನಿಮಗೆ ಯಾರು ಹೇಳಿದ್ರು?"

ಮಾಸ್ತರು ತಾವು ಮಾಡಿದ್ದನ್ನು ಆಗ ನೋಡಿದರು. ಕುರ್ಚಿಯ ಕಡೆ ಒಂದು ಹೆಜ್ಜೆ ಇಟ್ಟರು, ಟವೆಲ್ಲನ್ನು ತೆಗೆದುಬಿಟ್ಟರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ ಎನ್ನುವಂತೆ. ಪುಟ್ಟಿ ಮೂಲೆಯಿಂದಲೇ ಹೇಳಿದಳು:

"ಮುಟ್ಟಬೇಡಿ. ಅದು ಘಟನಾ ಸ್ಥಳ."

ಆಮೇಲೆ ಬಂದದ್ದೆಲ್ಲ ಬೋರಲು ಬಿದ್ದ ಬುಟ್ಟಿಯಿಂದ ಉರುಳಿದ ಹಾಗೆ ಬಂತು. ಚೀಲ ತರಲು ಮೇಲೆ ಹೋಗಿದ್ದೆ. ಬಿದ್ದಿದ್ದರು. ಹೆಣ ಎಂದು ಗೊತ್ತಾಗಲಿಲ್ಲ, ಇಷ್ಟು ವರ್ಷದಲ್ಲಿ ನಾನು ಹೆಣ ನೋಡಿಯೇ ಇರಲಿಲ್ಲ. ಹೊರಳಿಸಿದೆ, ತೋಳು ಹಾಗೇ ಮೇಲೆ ನಿಂತಿತು, ಆದರೂ ಎದೆ ಒತ್ತಿದೆ, ಏನೋ ಲಟಕ್ಕೆಂದಿತು. ಕಂಟ್ರೋಲ್ ರೂಮಿಗೆ ಮೊದಲು ಹೇಳಬೇಕಿತ್ತು, ಹೇಳಿರಲಿಲ್ಲ. ಹೊತ್ತು ಮೀರಿತ್ತು. ಆಮೇಲೆ ಕೈ ತಾನಾಗಿ ಎಲ್ಲ ಸರಿಮಾಡಿತು. ಹೇಗೂ ಆಯಾ ಬರುತ್ತಾಳೆ, ಅವಳು ಕಂಡು ಹೇಳಿದಮೇಲೆ ನಿಯಮದ ಪ್ರಕಾರ ಶುರುಮಾಡೋಣ ಎಂದುಕೊಂಡೆ. ಇದು ತಾಂತ್ರಿಕ ಲೋಪ, ಅಪರಾಧ ಅಲ್ಲ ಎಂದು ಮುಗಿಸಿದರು. ಅವಳನ್ನು ಜೀಪಿಗೆ ಹತ್ತಿಸುವಾಗ ಗೇಟು ಹಿಡಿದದ್ದು ಯಾವ ಲೋಪ ಎಂದು ಅವರು ಹೇಳಲಿಲ್ಲ, ಅಲ್ಲಿದ್ದ ಗಂಡಸರು ಯಾರೂ ಕೇಳಲೂ ಇಲ್ಲ.

ಅಧಿಕಾರಿ ಮೆಟ್ಟಿಲಿಳಿಯುವಾಗ, ನನಗೆ ಮೊದಲಿಂದಲೂ ಇಂಥದ್ದೇನೋ ವಾಸನೆ ಹೊಡೆದಿತ್ತಮ್ಮ ಎಂದ. ಲವಂಗದ ವಾಸನೆ ಬಿಟ್ಟು ಆ ಮನುಷ್ಯನಿಗೆ ಬೇರೆ ಯಾವುದಾದರೂ ಹೊಡೆಯುವುದುಂಟೇ ಎಂದು ಪುಟ್ಟಿ ಮನಸ್ಸಿನಲ್ಲೇ ಅಂದುಕೊಂಡು ಬಾಗಿಲು ಹಾಕಿಕೊಂಡಳು. ಆಯಾಳನ್ನು ಮಧ್ಯಾಹ್ನ ಬಿಟ್ಟರು. ಡಾಕ್ಟರ ವರದಿಯೂ ಬಂತು: ಮುದುಕನ ಹೃದಯ ತಾನಾಗಿ ನಿಂತದ್ದು, ಪಕ್ಕೆಲುಬು ಸತ್ತ ಮೇಲೆ ಮುರಿದದ್ದು.

ಸಂಜೆಯ ಹೊತ್ತಿಗೆ ಆಯಾ ಚೀಲ ತೆಗೆದುಕೊಳ್ಳಲು ಬಂದಳು, ತಮ್ಮನ ಜೊತೆಗೆ. ಒಳಗೆ ಬನ್ನಿ ಎಂದರೆ ಬರಲಿಲ್ಲ, ಹೊಸ್ತಿಲಾಚೆ ನಿಂತಳು. ಮಾಸ್ತರು ಹಾಲ್‌ನಿಂದ ಎದ್ದು ಬಂದು, ನೋಡಮ್ಮ, ಇಂಥ ಸಂದರ್ಭದಲ್ಲಿ ಪ್ರಕ್ರಿಯೆ ಅಂತ ಒಂದಿರುತ್ತೆ ಎಂದು ಶುರುಮಾಡಿದರು. ಆಯಾ ಅವರತ್ತ ಕಣ್ಣು ಹಾಯಿಸಲಿಲ್ಲ. ಬೀದಿಯಲ್ಲಿ ನಾಯಿ ಬೊಗಳಿದರೆ ನಡೆಯುವವರು ಹೇಗೆ ನಡೆಯುತ್ತಾರೋ ಹಾಗೆ, ಅವರ ಮಾತಿನ ಮಧ್ಯದಲ್ಲೇ ಪುಟ್ಟಿಗೆ ಹೇಳಿದಳು:

"ಅಕ್ಕಾ, ಅವರದು ಬಿಡಿ. ನನ್ನ ಚೀಲ ಮೊದಲು ಬಿಚ್ಚಿದ್ದು ನೀವು."

ಪುಟ್ಟಿ ಚೀಲವನ್ನು ತಂದು ಅವಳ ಕೈಗಿಟ್ಟಳು. ಹೌದು ಎಂದಳು. ನಿನ್ನ ಕೆಲಸ, ಎಂದು ಕೇಳಿದಳು. ಏಜೆನ್ಸಿಯವರು ಹೆಸರು ತೆಗೆದರು, ಪೊಲೀಸ್ ಕೇಸಾದವಳನ್ನ ಯಾವ ಮನೆಯವರು ಒಳಗೆ ಬಿಟ್ಟುಕೊಳ್ತಾರೆ ಅಂದರು ಎಂದಳು ಆಯಾ. ಠಾಣೆಯವರು ಬಿಟ್ಟಿದ್ದಾರೆ ಅಂದೆ, ಬಿಟ್ಟರೆ ಸಾಲದು, ತಪ್ಪು ಯಾರದು ಅಂತ ಮನೆಯವರೇ ಹೇಳಬೇಕು ಅಂದರು. ಅವಳ ದನಿ ಅಳುವವಳದಲ್ಲ, ಬಸ್ಸು ತಪ್ಪಿದ್ದನ್ನು ಹೇಳುವವಳದು.

ಪುಟ್ಟಿ ಒಳಗೆ ಹೋಗಿ ಗಂಡನ ಮುಂದೆ ಫೋನು ಹಿಡಿದಳು. ಸದ್ದು ಹೊರಗೆ ಕೇಳಿಸುವ ಗುಂಡಿ ಒತ್ತಿ, ಏಜೆನ್ಸಿಯ ನಂಬರು ತಾನೇ ಹಾಕಿದಳು. ಮಾಸ್ತರು ನಾಳೆ ಮಾಡ್ತೀನಿ, ಕಚೇರಿಯಿಂದ ಅಧಿಕೃತವಾಗಿ ಮಾಡ್ತೀನಿ ಎಂದರು. ಅವಳು ಕೈ ತೆಗೆಯಲಿಲ್ಲ. ಹೊಸ್ತಿಲಾಚೆ ಆಯಾ ಚೀಲವನ್ನು ಎದೆಗವಚಿಕೊಂಡು ನಿಂತೇ ಇದ್ದಳು, ಹೋಗಲೂ ಇಲ್ಲ.

ಏಜೆನ್ಸಿಯ ಹೆಂಗಸು ಫೋನು ತೆಗೆದಳು. ಹಿಂದೆ ಯಾವುದೋ ಮಗು ಅಳುತ್ತಿತ್ತು, ಅವಳಿಗೆ ಅವಸರ. ಮಾಸ್ತರು ಗಂಟಲು ಸರಿಮಾಡಿಕೊಂಡು, ಮೊನ್ನೆಯ ಘಟನೆಯಲ್ಲಿ ಕಾರ್ಯಾಚರಣೆಯ ದೃಷ್ಟಿಯಿಂದ ಎಂದರು. ಆ ಕಡೆಯಿಂದ, ಏನು, ಏನ್ ಬೇಕಿತ್ತು ನಿಮಗೆ ಎಂದು ಬಂತು. ಸಮನ್ವಯದ ಕೊರತೆಯಿಂದಾಗಿ ಎಂದರು ಮಾಸ್ತರು. ನನಗೆ ಅರ್ಥ ಆಗೋ ಹಾಗೆ ಹೇಳಿ ಸ್ವಾಮಿ, ಇಲ್ಲಾಂದ್ರೆ ಇಡ್ತೀನಿ ಎಂದಳು ಅವಳು.

ಮಾಸ್ತರು ಹೆಂಡತಿಯ ಮುಖ ನೋಡಿದರು. ಅಲ್ಲಿ ಏನೂ ಸಿಗಲಿಲ್ಲ.

"ಆಯಮ್ಮ ಏನೂ ಮಾಡಿಲ್ಲ" ಎಂದರು. "ಹೆಣ ತಿರುಗಿಸಿದ್ದು ನಾನು. ಹೇಳದೆ ಸುಮ್ಮನಿದ್ದದ್ದೂ ನಾನು."

ಆ ಕಡೆ ರಿಜಿಸ್ಟರಿನ ಹಾಳೆ ಮಗುಚಿದ ಸದ್ದು ಕೇಳಿಸಿತು.

"ಸರಿ, ನಾಳೆಯಿಂದ ಬರೋಕೆ ಹೇಳಿ ಅವಳಿಗೆ, ಬೇರೆ ಮನೆ ಕೊಡ್ತೀನಿ" ಎಂದಳು ಆ ಹೆಂಗಸು. "ನೀವು ಯಾರು ಮಾತಾಡ್ತಿರೋದು?"

ಮಾಸ್ತರು ಬಾಯಿ ತೆರೆದರು. ಹೇಳಿಕೊಳ್ಳಲು ಅವರ ಬಳಿ ಸಾಕಷ್ಟು ಇತ್ತು, ಹುದ್ದೆ, ಕೇಂದ್ರ, ಅನುಭವ, ಎರಡು ಪ್ರಶಸ್ತಿ. ಹೊಸ್ತಿಲಾಚೆ ಆಯಾ ಮೊದಲ ಸಲ ತಲೆಯೆತ್ತಿ ನೇರವಾಗಿ ಅವರನ್ನೇ ನೋಡುತ್ತಿದ್ದಳು.

"ಸತ್ತವರ ಅಳಿಯ" ಎಂದರು.

ಆಯಾ ಚೀಲ ಹೆಗಲಿಗೆ ಹಾಕಿಕೊಂಡು, ಬಾರೋ ಎಂದು ತಮ್ಮನಿಗೆ ಹೇಳಿ ಗೇಟಿನ ಕಡೆ ನಡೆದಳು. ಗೇಟನ್ನು ಅವಳೇ ತೆಗೆದುಕೊಂಡಳು.